ಓದುಗರ ಪ್ರಶ್ನೆ: ದಾಸವಾಳದ ಬುಡದಲ್ಲಿ ಎರಡು ಸುತ್ತು ಹಸಿರೆಲೆ ಏಕೆ?

ಪ್ರಶ್ನೆ: ಮಗಳ ಒಂಬತ್ತನೇ ತರಗತಿಯ ಪ್ರಾಜೆಕ್ಟಿಗಾಗಿ ದಾಸವಾಳ ಬಿಡಿಸಿದೆವು. ಪುಸ್ತಕದ ಪ್ರಕಾರ ಪುಷ್ಪಪತ್ರಗಳು (ದಳಗಳ ಹೊರಗಿನ ಸುತ್ತಿನ ಎಲೆಗಳು) ಐದು. ನಮಗೆ ಕಂಡದ್ದು ಐದು ಹಲ್ಲಿನ ಒಂದು ಬಟ್ಟಲು, ಅದರ ಕೆಳಗೆ ಇನ್ನೂ ಏಳು ಸಣ್ಣ ಎಲೆ. ಯಾವುದನ್ನು ಬರೆಯಬೇಕು? (ದಾವಣಗೆರೆ)

ಉತ್ತರ: ಎರಡನ್ನೂ ಬರೆಯಿರಿ, ಹೆಸರು ಮಾತ್ರ ಬೇರೆ ಬೇರೆ. ಒಳಗಿನ ಬಟ್ಟಲು ಪುಷ್ಪಪಾತ್ರೆ. ಐದು ಪುಷ್ಪಪತ್ರಗಳು ಕೂಡಿಕೊಂಡು ಅದಾಗಿದೆ, ಹಲ್ಲುಗಳನ್ನು ಎಣಿಸಿದರೆ ಐದೇ. ಹೊರಗಿನ ಕಿರಿದಾದ ಎಲೆಗಳ ಸುತ್ತಿಗೆ ಎಪಿಕ್ಯಾಲಿಕ್ಸ್ ಎನ್ನುತ್ತಾರೆ, ಹೊರಪಾತ್ರೆ ಎಂದರೂ ನಡೆಯುತ್ತದೆ. ಇದರ ಎಲೆಗಳ ಸಂಖ್ಯೆ ಹೂವಿನಿಂದ ಹೂವಿಗೆ ಬದಲಾಗುತ್ತದೆ. ಐದರಿಂದ ಎಂಟರವರೆಗೆ ಎಷ್ಟಿದ್ದರೂ ತಪ್ಪಿಲ್ಲ, ನಿಮ್ಮ ಹೂವಿನಲ್ಲಿ ಕಂಡಷ್ಟನ್ನೇ ಚಿತ್ರದಲ್ಲಿ ತೋರಿಸಿ.

ಬಿಡಿಸಲು ಅರಳಿದ ಹೂವಿಗಿಂತ ನಾಳೆ ಅರಳಲಿರುವ ದಪ್ಪ ಮೊಗ್ಗು ಒಳ್ಳೆಯದು. ಬ್ಲೇಡನ್ನು ತೊಟ್ಟಿನ ಕಡೆಯಿಂದ ತುದಿಗೆ ಒಂದೇ ಎಳೆತದಲ್ಲಿ ಎಳೆಯಿರಿ. ತುದಿಯಿಂದ ಶುರು ಮಾಡಿದರೆ ದಳಗಳು ಮುದ್ದೆಯಾಗಿ ಬುಡದ ಜೋಡಣೆ ಕಾಣುವುದಿಲ್ಲ. ಬೆಂಡೆ ತೆಗೆದುಕೊಂಡವರಿಗಂತೂ ಮೊಗ್ಗೇ ಬೇಕು. ಬೆಂಡೆಯ ಹೊರಪಾತ್ರೆ ಬೇಗ ಉದುರುತ್ತದೆ, ಪುಷ್ಪಪಾತ್ರೆ ಒಂದು ಮಗ್ಗುಲಲ್ಲಿ ಸೀಳಿ ದಳಗಳ ಜೊತೆಗೇ ಕಳಚಿ ಬೀಳುತ್ತದೆ. ಕಾಯಿ ಹಿಡಿದ ಮೇಲೆ ಹುಡುಕಿದರೆ ಎರಡೂ ಸಿಗುವುದಿಲ್ಲ.

ಕೆಲವು ಗೈಡುಗಳು ‘ದಾಸವಾಳದ ಕುಟುಂಬದ ಎಲ್ಲಕ್ಕೂ ಹೊರಪಾತ್ರೆ ಇದೆ’ ಎಂದು ಬರೆಸುತ್ತವೆ. ಅದು ತಪ್ಪು. ಬೇಲಿ ಬದಿಯ ಶ್ರೀಮುದ್ರೆ ಗಿಡವೂ ಅದೇ ಕುಟುಂಬದ್ದು, ಅದಕ್ಕೆ ಹೊರಪಾತ್ರೆ ಇಲ್ಲ. ಹತ್ತಿಯ ಹೊರಪಾತ್ರೆಯ ಎಲೆಗಳು ಮೂರೇ ಮೂರು, ಆದರೆ ದೊಡ್ಡವು, ಅಂಚು ಸೀಳಿದಂಥವು. ಬೆಳೆಗಾರರಿಗೆ ಇವು ಒಳ್ಳೆಯ ಸುಳಿವು ಕೊಡುತ್ತವೆ. ಆರೋಗ್ಯವಂತ ಮೊಗ್ಗಿನಲ್ಲಿ ಮೂರೂ ಗೋಪುರದಂತೆ ಕೂಡಿಕೊಂಡಿರುತ್ತವೆ. ಅವು ಅಗಲವಾಗಿ ಬಿಚ್ಚಿ ಹಳದಿಗೆ ತಿರುಗಿದ್ದರೆ ಮೊಗ್ಗನ್ನು ಕಿತ್ತು ನೋಡಿ. ತೂತಿದ್ದರೆ ಕಾಯಿಕೊರಕ ಒಳಗೆ ಹೊಕ್ಕಿದೆ. ತೂತಿಲ್ಲದೆ ಉದುರುತ್ತಿದ್ದರೆ ನೀರಿನ ಕೊರತೆ ಅಥವಾ ಅತಿ ತೇವವನ್ನು ಅನುಮಾನಿಸಿ.

ಪ್ರಶ್ನೆ: ಮಲೆನಾಡಿನ ಕಾಡಂಚಿನಲ್ಲಿ ಕಿತ್ತಳೆ ಬಣ್ಣದ ಪುಟ್ಟ ಹೂ, ಪಕ್ಕದಲ್ಲೇ ಅಚ್ಚ ಬಿಳಿಯ ದೊಡ್ಡ ಎಲೆ ಇರುವ ಮುಸ್ಸೇಂಡ ಕಾಣುತ್ತದೆ. ಬಿಳಿ ಎಲೆ ಕಾಗದದ ಹೂವಿನದರಂತೆ (ಬೋಗನ್‌ವಿಲ್ಲಾ) ಬ್ರ್ಯಾಕ್ಟ್, ಅಂದರೆ ಹೂವಿನ ಬುಡದಲ್ಲಿ ಬರುವ ಎಲೆ ತಾನೆ? (ತೀರ್ಥಹಳ್ಳಿ)

ಉತ್ತರ: ಅಲ್ಲ. ಇಲ್ಲಿ ಬಣ್ಣ ನೋಡಿ ತೀರ್ಮಾನಿಸಿದವರೆಲ್ಲ ಮೋಸಹೋಗುತ್ತಾರೆ. ಬಿಳಿ ಎಲೆಯ ತೊಟ್ಟು ಹಿಡಿದು ಅದು ಎಲ್ಲಿಂದ ಹೊರಟಿದೆ ಎಂದು ನೋಡಿ. ಅಂಡಾಶಯದ ನೆತ್ತಿಯಿಂದ ಹೊರಟಿರುತ್ತದೆ, ಪಕ್ಕದಲ್ಲಿ ದಾರದಂತಹ ನಾಲ್ಕು ಎಸಳುಗಳು ಇರುತ್ತವೆ. ನಾಲ್ಕು ಮತ್ತು ಒಂದು, ಒಟ್ಟು ಐದು ಪುಷ್ಪಪತ್ರ. ಅವುಗಳಲ್ಲಿ ಒಂದು ಮಾತ್ರ ಹಿಗ್ಗಿ ಬೆಳ್ಳಗಾಗಿದೆ. ತೋಟಕ್ಕೆಂದು ಮಾರುವ ಗುಲಾಬಿ ಮುಸ್ಸೇಂಡದಲ್ಲಿ ಐದಕ್ಕೆ ಐದೂ ಹಿಗ್ಗಿರುತ್ತವೆ. ಅದರಲ್ಲಿ ಬೀಜ ಕಟ್ಟುವುದು ಅಪರೂಪ, ಹಾಗಾಗಿ ಕಡ್ಡಿ ನೆಟ್ಟು ಅಥವಾ ಗೂಟಿ ಕಟ್ಟಿ (ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ) ಬೆಳೆಸುತ್ತಾರೆ.

ಬ್ರ್ಯಾಕ್ಟ್ ಆಗಬೇಕಾದರೆ ಅದು ಹೂವಿನ ಭಾಗವಾಗಿರಬಾರದು. ಅದರ ಕಂಕುಳಲ್ಲಿ ಹೂವೋ ಹೂಗೊಂಚಲೋ ಹುಟ್ಟಬೇಕು. ಕನಕಾಂಬರದ ತೆನೆಯಲ್ಲಿ ಒಂದೊಂದು ಹಸಿರು ಎಲೆಯ ಮರೆಯಿಂದ ಒಂದೊಂದು ಹೂ ಇಣುಕುವುದನ್ನು ನೋಡಿದರೆ ಇದು ಮನಸ್ಸಿನಲ್ಲಿ ನಿಲ್ಲುತ್ತದೆ. ಹೂವಿನ ತೊಟ್ಟಿನ ಮೇಲೇ ಕೂತ ಕಿರಿಯ ಬ್ರ್ಯಾಕ್ಟುಗಳಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ, ಅವುಗಳ ಕಂಕುಳು ಬರಿದಾಗಿರುತ್ತದೆ.

ಪ್ರಶ್ನೆ: ತಾರಸಿಯ ಕುಂಡದಲ್ಲಿರುವ ಬೋಗನ್‌ವಿಲ್ಲಾ ಸೊಂಪಾಗಿ ಬೆಳೆದಿದೆ, ಹೂವೇ ಇಲ್ಲ. ತಿಂಗಳಿಗೊಮ್ಮೆ ಸವರುತ್ತೇನೆ, ಗೊಬ್ಬರ, ನೀರು ತಪ್ಪಿಸಿಲ್ಲ. (ಬೆಂಗಳೂರು)

ಉತ್ತರ: ತಪ್ಪಿಸದಿರುವುದೇ ತೊಂದರೆ! ನೀವು ಕಾಯುತ್ತಿರುವ ಬಣ್ಣ ಹೂವಿನದ್ದಲ್ಲ, ಮೂರು ಬ್ರ್ಯಾಕ್ಟುಗಳದ್ದು. ಒಂದೊಂದರ ನಡುನರಕ್ಕೆ ಅಂಟಿಕೊಂಡು ನಿಂತ ಸಪೂರ ಕೊಳವೆಯೇ ನಿಜವಾದ ಹೂ. ಇವು ಬರುವುದು ಹೊಸ ಚಿಗುರಿನಲ್ಲಿ. ತಿಂಗಳು ತಿಂಗಳೂ ಸವರಿದರೆ ಆ ಚಿಗುರು ಬಲಿಯುವ ಮೊದಲೇ ಕತ್ತರಿಗೆ ಹೋಗುತ್ತದೆ.

ಒಂದು ಸುತ್ತು ಹೂ ಮುಗಿದ ಮೇಲೆ ಕೊಂಬೆಗಳನ್ನು ಮೂರನೇ ಒಂದು ಭಾಗದಷ್ಟು ಕತ್ತರಿಸಿ, ಆಮೇಲೆ ಕತ್ತರಿ ಮುಟ್ಟಬೇಡಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳಬೇಕು. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆ ನೀರು ಕೊಡಿ, ಕೊಟ್ಟಾಗ ತಳದ ತೂತಿನಿಂದ ಹರಿಯುವಷ್ಟು ಕೊಡಿ. ಯೂರಿಯಾ ನಿಲ್ಲಿಸಿ, ಸಾರಜನಕ ಹೆಚ್ಚಾದಷ್ಟೂ ಎಲೆಯೇ ಹೆಚ್ಚು. ಕುಂಡವನ್ನು ಅವಸರದಲ್ಲಿ ದೊಡ್ಡದಕ್ಕೆ ಬದಲಿಸಬೇಡಿ, ಬೇರು ಸ್ವಲ್ಪ ಇಕ್ಕಟ್ಟಾಗಿದ್ದರೆ ಈ ಗಿಡಕ್ಕೆ ಹಿತ. ಸುತ್ತುಸುತ್ತಾಗಿ ಬಣ್ಣದೆಲೆ ಇರುವ ತಳಿಗಳಲ್ಲಿ ಒಣಗಿದ ಬ್ರ್ಯಾಕ್ಟುಗಳು ತಾವಾಗಿ ಉದುರುವುದಿಲ್ಲ, ಕಂದಾಗಿ ಜೋತಾಡುವುದನ್ನು ಕೈಯಿಂದಲೇ ಕೀಳಬೇಕು.

ಪ್ರಶ್ನೆ: ಬಾಳೆಹೂವಿನ ಪಲ್ಯಕ್ಕೆ ಒಂದೊಂದು ಹೂವಿನಿಂದಲೂ ಎರಡು ವಸ್ತು ತೆಗೆಯುತ್ತೇವಲ್ಲ, ಅವೂ ಬ್ರ್ಯಾಕ್ಟುಗಳೇ? (ಕುಂದಾಪುರ)

ಉತ್ತರ: ಬಾಳೆಹೂವಿನಲ್ಲಿ ಬ್ರ್ಯಾಕ್ಟ್ ಎಂದರೆ ಹೊರಗಿನ ಕೆನ್ನೇರಳೆ ದೋಣಿಗಳು ಮಾತ್ರ. ಒಂದೊಂದರ ಕಂಕುಳಲ್ಲೂ ಹೂವಿನ ಸಾಲು ಇರುತ್ತದೆ. ನೀವು ತೆಗೆಯುವ ಗಟ್ಟಿ ಕಡ್ಡಿ, ತುದಿಯಲ್ಲಿ ಬೆಂಕಿಕಡ್ಡಿಯಂತೆ ಗುಂಡಗಿರುವುದು, ಶಲಾಕೆ, ಅಂದರೆ ಹೂವಿನ ಹೆಣ್ಣುಭಾಗದ ಕಡ್ಡಿ. ಎಷ್ಟು ಬೇಯಿಸಿದರೂ ಅದು ಮೆತ್ತಗಾಗುವುದಿಲ್ಲ. ಗಾಜಿನಂತಹ ಚಿಕ್ಕ ಸಿಪ್ಪೆ ಹೂವಿನದೇ ದಳ. ಉಳಿದ ಐದು ಕೂಡಿ ಒಂದಾಗಿವೆ, ಇದೊಂದು ಬಿಡಿಯಾಗಿ ನಿಂತಿದೆ. ಕೈಗೆ ಎಣ್ಣೆ ಸವರಿಕೊಂಡು ಬಿಡಿಸಿ, ಹೆಚ್ಚಿದ್ದನ್ನು ಆಗಾಗಲೇ ಮಜ್ಜಿಗೆ ನೀರಿಗೆ ಹಾಕಿ. ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಕೆನ್ನೇರಳೆ ಬ್ರ್ಯಾಕ್ಟುಗಳಲ್ಲಿ ನಾರು ಹೆಚ್ಚು, ಎಸೆಯಿರಿ. ನಡುವಿನ ಬಿಳಿಚಿದ ತಿರುಳನ್ನು ಬಿಡಿಸದೆ ಹಾಗೆಯೇ ಹೆಚ್ಚಬಹುದು. ಮೂತಿಯಲ್ಲಿ ಉಳಿದಿರುವುದು ಗಂಡು ಹೂ, ಕೊನೆಯ ಚಿಪ್ಪು ಬಿಚ್ಚಿದ ಮೇಲೆ ಅದನ್ನು ಮುರಿದರೆ ಗೊನೆಗೆ ನಷ್ಟವಿಲ್ಲ.

ಪ್ರಶ್ನೆ: ಅಡಿಕೆ ಹಾಳೆ ಎಂದರೆ ಹಿಂಗಾರವನ್ನು ಸುತ್ತಿದ ಹೊದಿಕೆಯೇ? (ಶಿರಸಿ)

ಉತ್ತರ: ಅಲ್ಲ. ತಟ್ಟೆ ಮಾಡುವ ಹಾಳೆ ಸೋಗೆಯ ಬುಡ, ಕಾಂಡವನ್ನು ಅಪ್ಪಿಕೊಂಡಿದ್ದದ್ದು. ಹಾಳೆ ಕಳಚಿ ಬಿದ್ದ ಮೇಲೆ ಕಾಣುವ, ದೋಣಿಯಂತೆ ಹಿಂಗಾರವನ್ನು ಮುಚ್ಚಿಕೊಂಡಿರುವ ಹೊದಿಕೆ ಸ್ಪೇತ್, ಅದು ಬ್ರ್ಯಾಕ್ಟಿನ ಜಾತಿ. ಆಂಥೂರಿಯಂನ ಹೊಳೆಯುವ ಕೆಂಪು ‘ದಳ’ವೂ ಸ್ಪೇತೇ.

ಪ್ರಶ್ನೆ: ಭತ್ತದ ಹೊಟ್ಟು ಬೀಜದ ಸಿಪ್ಪೆಯೇ? (ಮಂಡ್ಯ)

ಉತ್ತರ: ಹೊಟ್ಟು ಹೂವಿನ ಕಾಲದ ಎಲೆ. ಭತ್ತದ ಹೂವನ್ನು ಎರಡು ಪುಟ್ಟ ಬ್ರ್ಯಾಕ್ಟುಗಳು ಅಪ್ಪಿಕೊಂಡಿರುತ್ತವೆ. ದೊಡ್ಡದು ಲೆಮ್ಮ, ಚಿಕ್ಕದು ಪೇಲಿಯ. ಮೀಸೆ ಇರುವ ತಳಿಗಳಲ್ಲಿ ಮೀಸೆ ಹೊರಡುವುದು ಲೆಮ್ಮದ ತುದಿಯಿಂದ. ಹೂ ಅರಳುವಾಗ ಇವು ಸ್ವಲ್ಪ ಹೊತ್ತು ಬಾಯಿ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತವೆ, ಕಾಳು ಬೆಳೆಯುವುದು ಆ ಡಬ್ಬಿಯೊಳಗೇ. ಮಿಲ್ಲಿನಲ್ಲಿ 100 ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ. ಕಾಳಿನ ಸ್ವಂತ ಸಿಪ್ಪೆ ಪಾಲಿಶ್ ಮಾಡುವಾಗ ತೌಡಿನ ಜೊತೆ ಹೋಗುತ್ತದೆ.