ಒಬ್ಬರೇ ಕ್ಯಾಂಪರ್ ವ್ಯಾನ್‌ನಲ್ಲಿ ಹೊರಟರೆ ಕರಾವಳಿಯಲ್ಲಿ ಯಾವ ಒಳದಾರಿ ಹಿಡಿಯಬೇಕು?

ನೀವು ಕೇಳಿದ್ದು ಇಷ್ಟು: ಮಂಗಳೂರಿನಿಂದ ಹೊರಟು ನಾಲ್ಕು ದಿನ, ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿಸಿದ ಕ್ಯಾಂಪರ್ ವ್ಯಾನ್, ಜೊತೆಗೆ ಯಾರೂ ಇಲ್ಲ, ಹೆದ್ದಾರಿ ಬೇಡ, ಆಗುಂಬೆ ಘಾಟಿ ಹತ್ತಿಸಬಹುದಾ? ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ವ್ಯಾನನ್ನು ಘಾಟಿ ಹತ್ತಿಸಬೇಡಿ. ನಮ್ಮ ಕಡೆಯ ಅತಿ ಚೆಂದದ ದಾರಿ ಘಟ್ಟದ ಮೇಲಿಲ್ಲ, ಘಟ್ಟದ ಬುಡದಲ್ಲಿದೆ. ಕೊಲ್ಲೂರಿನಿಂದ ವಂಡ್ಸೆ, ಸಿದ್ದಾಪುರ, ಅಮಾಸೆಬೈಲು, ಮಡಾಮಕ್ಕಿ, ಹೆಬ್ರಿ, ಕಾರ್ಕಳ ಅಂತ ಇಳಿದು ಬರುವ ದಾರಿ ಅದು. ಎಡಗಡೆ ಉದ್ದಕ್ಕೂ ಘಟ್ಟದ ಗೋಡೆ, ಬಲಗಡೆ ಗದ್ದೆ, ಅಡಿಕೆ ತೋಟ, ಹಾಡಿ.

ಹಾಗಾಗಿ ಸುತ್ತು ಹೀಗಿರಲಿ: ಕಡಲ ಬದಿಯಲ್ಲಿ ಉತ್ತರಕ್ಕೆ ಹೋಗಿ, ಘಟ್ಟದ ಬುಡದಲ್ಲಿ ದಕ್ಷಿಣಕ್ಕೆ ವಾಪಸ್ ಬನ್ನಿ. ಒಟ್ಟು ಸುಮಾರು 300 ಕಿ.ಮೀ. ಈ ದಿಕ್ಕಿಗೆ ಕಾರಣವಿದೆ. ನಾವು ಎಡಕ್ಕೆ ಓಡಿಸುವವರು. ಉತ್ತರಕ್ಕೆ ಹೋಗುವಾಗ ಕಡಲು ನಿಮ್ಮ ಎಡಕ್ಕೇ ಸಿಗುತ್ತದೆ, ನಿಲ್ಲಿಸಬೇಕೆಂದರೆ ಎದುರಿನ ವಾಹನಗಳನ್ನು ಅಡ್ಡ ದಾಟಬೇಕಿಲ್ಲ. ಮರವಂತೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ: ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಉತ್ತರದಿಂದ ಬಂದವರು ಕಡಲ ಬದಿ ತಲುಪಲು ಯೂ ಟರ್ನ್ ಹುಡುಕಬೇಕು. ಸುತ್ತು ದಾರಿ ಆರಿಸಿದ್ದಕ್ಕೂ ಕಾರಣ ಇದೆ. ಒಬ್ಬರೇ ಇದ್ದಾಗ ಹಿಂದೆ ನಿಂತು 'ಬರ್ಲಿ, ಬರ್ಲಿ' ಅನ್ನುವವರಿಲ್ಲ, ಮುಂದೆ ಮುಚ್ಚಿಹೋಗುವ ದಾರಿಗೆ ನುಗ್ಗಿದರೆ ಇಡೀ ದಾರಿಯನ್ನು ರಿವರ್ಸ್‌ನಲ್ಲಿ ಬರಬೇಕಾಗಬಹುದು.

ಮನೆಯಿಂದ ಹೊರಡುವ ಮೊದಲು ಟೇಪ್ ಹಿಡಿದು ಮೂರು ಅಳತೆ ತೆಗೆದು ಸ್ಟಿಯರಿಂಗ್ ಹತ್ತಿರ ಅಂಟಿಸಿ: ಛಾವಣಿಯ ಎ.ಸಿ., ಸೋಲಾರ್ ಪ್ಯಾನಲ್ ಸೇರಿಸಿ ಎತ್ತರ. ಕನ್ನಡಿಯಿಂದ ಕನ್ನಡಿಗೆ ಅಗಲ. ಹಿಂದಿನ ಚಕ್ರದಿಂದ ಬಾಲದ ತುದಿಯವರೆಗಿನ ಉದ್ದ. ಎತ್ತರ ಬೇಕಾಗುವುದು ಕೊಂಕಣ ರೈಲಿನ ಅಂಡರ್‌ಪಾಸ್‌ಗಳಲ್ಲಿ. ಅಲ್ಲಿ ಅಡ್ಡ ಹಾಕಿದ ಕಬ್ಬಿಣದ ಕಂಬಿಯ ಮೇಲೆ ಎತ್ತರ ಬರೆದಿರುತ್ತಾರೆ, ನಿಮ್ಮ ಅಳತೆಗಿಂತ ಕನಿಷ್ಠ 20 ಸೆ.ಮೀ. ಹೆಚ್ಚಿದ್ದರೆ ಮಾತ್ರ ಮುಂದುವರಿಯಿರಿ. ಅಗಲದ ಲೆಕ್ಕ ಇದು: ಒಂದು ಲೇನಿನ ರಸ್ತೆ 3.75 ಮೀಟರ್, ಕನ್ನಡಿ ಸೇರಿ ನಿಮ್ಮ ವ್ಯಾನ್ ಸುಮಾರು 2.5, ಎದುರಿನ ಕಾರು 1.7. ಯಾರಾದರೊಬ್ಬರ ಚಕ್ರ ರಸ್ತೆಯಿಂದ ಕೆಳಗಿಳಿಯಲೇಬೇಕು.

ತೊಂದರೆ ಶುರುವಾಗುವುದೇ ಈ ಇಳಿಯುವಲ್ಲಿ. ಹಳ್ಳಿಯ ಕಾಂಕ್ರೀಟ್ ರಸ್ತೆಯ ಅಂಚು ನೋಡಿ: ಮಳೆಗೆ ಬದಿಯ ಮಣ್ಣು ಕೊಚ್ಚಿಹೋಗಿ ಅರ್ಧ ಅಡಿಯಷ್ಟು ನೇರ ಕಡಿದಂತೆ ನಿಂತಿರುತ್ತದೆ, ಮೇಲೆ ಹುಲ್ಲು ಬಾಗಿ ಅದು ಕಾಣುವುದೂ ಇಲ್ಲ. ಎಡ ಹಿಂಚಕ್ರ ಜಾರಿದರೆ ತಳ ಕಾಂಕ್ರೀಟ್ ಮೇಲೆ ಕೂರುತ್ತದೆ. ಜ್ಯಾಕ್ ಹಾಕಿದರೆ ಹಸಿ ಮಣ್ಣಲ್ಲಿ ಜ್ಯಾಕೇ ಹೂತುಹೋಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲದ ಎರಡು ದಪ್ಪ ಮರದ ಹಲಗೆ ಜೊತೆಯಲ್ಲಿರಲಿ. ಒಂದು ಜ್ಯಾಕ್ ಅಡಿಗೆ, ಇನ್ನೊಂದು ಚಕ್ರದ ಅಡಿಗೆ. ರಾತ್ರಿ ವ್ಯಾನ್ ಸಮತಟ್ಟಾಗಿ ನಿಲ್ಲಿಸಲಿಕ್ಕೂ ಅವೇ ಸಾಕು. ಎದುರು ವಾಹನ ಬಂದರೆ ನೀವೇ ಇಳಿಸಲು ಹೋಗಬೇಡಿ, ಮನೆಯ ಗೇಟು ಅಥವಾ ಅಗಲದ ಜಾಗ ಕಂಡಲ್ಲೇ ಮೊದಲೇ ನಿಂತುಬಿಡಿ.

ಯಾವ ಒಳದಾರಿಯಲ್ಲಿ ವ್ಯಾನ್ ಹಿಡಿಸುತ್ತದೆ ಎಂದು ತಿಳಿಯಲು ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಗಳಲ್ಲಿ ಮ್ಯಾಪ್‌ಗಿಂತ ಒಳ್ಳೆಯ ಸಾಕ್ಷಿ ಲೈನ್ ಬಸ್ಸು. ಬಸ್ಸು ಹೋಗುವ ದಾರಿಯಲ್ಲಿ ನಿಮ್ಮ ವ್ಯಾನ್ ಹೋಗುತ್ತದೆ, ಬಸ್ಸು ತಿರುಗುವ ಜಾಗದಲ್ಲಿ ನೀವೂ ತಿರುಗಬಹುದು. ಜಂಕ್ಷನ್‌ನಲ್ಲಿ ಆಟೋದವರನ್ನು 'ಗಾಡಿ ಹೋಗ್ತದಾ?' ಎಂದು ಕೇಳಬೇಡಿ, ಕಾರನ್ನು ನೆನೆದು 'ಹೋಗ್ತದೆ' ಅಂದುಬಿಡುತ್ತಾರೆ. 'ಬಸ್ಸು ಬರ್ತದಾ?' ಎಂದೇ ಕೇಳಿ. ಉಡುಪಿಯವರೆಗೆ ತುಳುವಿನಲ್ಲಿ 'ಬಸ್ ಬರ್ಪುಂಡಾ?', ಕುಂದಾಪುರದ ಕಡೆ 'ಬಸ್ ಬತ್ತಾ?' ಅಂದರೆ ಉತ್ತರ ಇನ್ನೂ ಚೊಕ್ಕ ಬರುತ್ತದೆ. ಕೇಳಲು ಯಾರೂ ಇಲ್ಲದಿದ್ದರೆ ಮೊದಲ ಇಕ್ಕಟ್ಟಿನ ತಿರುವಿನಲ್ಲಿ ಇಳಿದು ಒಳಮಗ್ಗುಲಿನ ದರೆ, ಅಂದರೆ ರಸ್ತೆ ಬದಿಯ ಕಡಿದ ಗೋಡೆ, ನೋಡಿ. ಬಸ್ಸು ಓಡಾಡುವ ಕಡೆ ಮುರಕಲ್ಲಿನ ಮೇಲೆ ಎದೆಯೆತ್ತರದಲ್ಲಿ ಉದ್ದ ಗೀರುಗಳಿರುತ್ತವೆ, ಬಾಗಿದ ಕೊಂಬೆಗಳ ತುದಿ ಒಂದೇ ಮಟ್ಟಕ್ಕೆ ಮುರಿದಿರುತ್ತದೆ. ದರೆಯಲ್ಲಿ ಪಾಚಿ ಹಾಗೇ ಇದ್ದು ಕೊಂಬೆ ಕೆಳಗೆ ಜೋತುಬಿದ್ದಿದ್ದರೆ ವಾಪಸ್ ಬನ್ನಿ. ಮ್ಯಾಪ್ ತೋರಿಸುವ ಹೊಳೆ ದಾಟುವ ಅಡ್ಡದಾರಿಗಳನ್ನಂತೂ ನಂಬಬೇಡಿ, ಅವುಗಳಲ್ಲಿ ಹಲವು ಕಿಂಡಿ ಅಣೆಕಟ್ಟಿನ ಮೇಲಿನ ಸಣ್ಣ ರಸ್ತೆಗಳು.

ಆಗುಂಬೆಗೂ ಇದೇ ನಿಯಮ. 14 ಹೇರ್‌ಪಿನ್ ತಿರುವುಗಳ ಆ ಘಾಟಿಯಲ್ಲಿ ಓಡುವುದು ಮಿನಿ ಬಸ್ಸು, ಭಾರೀ ವಾಹನಗಳಿಗೆ ನಿಷೇಧ. ಉದ್ದ ಬಾಲದ ವ್ಯಾನ್ ಆ ತಿರುವುಗಳಲ್ಲಿ ಎದುರಿನವರ ಜಾಗವನ್ನೂ ತಿನ್ನುತ್ತದೆ. ಇಳಿಯುವಾಗ ಮನೆಯಷ್ಟು ಸಾಮಾನು ಹೊತ್ತ ಗಾಡಿಯ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ವ್ಯಾನನ್ನು ಹೆಬ್ರಿಯಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗಿ ಬನ್ನಿ. ಕಿಟಕಿ ಪಕ್ಕ ಕೂತರೆ ಸೋಮೇಶ್ವರದ ಕಾಡನ್ನು ಸ್ಟಿಯರಿಂಗ್ ಹಿಡಿದವರಿಗಿಂತ ಚೆನ್ನಾಗಿ ನೋಡುತ್ತೀರಿ.

ದಿನದ ಲೆಕ್ಕ. ಮೊದಲ ದಿನ ಕಾಪುವರೆಗೆ ಹೆದ್ದಾರಿ ಸಾಕು. 1901ರ ದೀಪಸ್ತಂಭ ನೋಡಿಕೊಂಡು ಮಟ್ಟು, ಪಡುಕೆರೆಯ ಕಡಲ ಬದಿ ರಸ್ತೆ ಹಿಡಿದು ಮಲ್ಪೆಗೆ ಬನ್ನಿ. ಒಂದು ಬದಿ ತಡೆಗೋಡೆಯ ಬಂಡೆ, ಇನ್ನೊಂದು ಬದಿ ಹೊಳೆ, ಮಟ್ಟುವಿನಲ್ಲಿ ಗುಳ್ಳ ಬದನೆಯ ಗದ್ದೆ. ರಸ್ತೆ ಕಿರಿದು, ವಾರದ ದಿನ ಬೆಳಿಗ್ಗೆ ಹೋಗಿ, ಭಾನುವಾರ ಸಂಜೆ ಕಾರುಗಳ ನಡುವೆ ಸಿಕ್ಕಿಬೀಳುತ್ತೀರಿ. ಡಾಂಬರು ಬಿಟ್ಟು ಹೊಯಿಗೆಗೆ (ಮರಳಿಗೆ) ಒಂದು ಚಕ್ರವನ್ನೂ ಇಳಿಸಬೇಡಿ. ಕೋಡಿಬೆಂಗ್ರೆ ಆಸೆ ಹುಟ್ಟಿಸುತ್ತದೆ, ಒಂದು ಕಡೆ ಕಡಲು, ಒಂದು ಕಡೆ ಹೊಳೆ, ತುದಿಯಲ್ಲಿ ಅಳಿವೆ. ಆದರೆ ವ್ಯಾನಿಗೆ ಅದು ತುದಿ ಮುಚ್ಚಿದ ದಾರಿ. ಹೂಡೆಯಲ್ಲಿ ನಿಲ್ಲಿಸಿ ಆಟೋ ಹಿಡಿಯಿರಿ.

ಎರಡನೇ ದಿನ ಮರವಂತೆ, ಬೈಂದೂರು, ಅಲ್ಲಿಂದ ಕಾಡಿನ ನಡುವೆ ಕೊಲ್ಲೂರು. ರಾತ್ರಿ ಕೊಲ್ಲೂರಿನಲ್ಲೇ ಉಳಿಯಿರಿ. ನಮ್ಮಲ್ಲಿ ಕ್ಯಾಂಪರ್ ವ್ಯಾನಿಗೆ ಬೇರೆ ನೆಲೆ ಹುಡುಕುವ ಬದಲು ಯಾತ್ರಾಸ್ಥಳ ನೋಡಿ: ಪ್ರವಾಸಿ ಬಸ್ಸು ನಿಲ್ಲುವ ಜಾಗ, ನೀರು, ಶೌಚಾಲಯ, ರಾತ್ರಿಯೂ ಜನ. ಸಣ್ಣ ಊರಿನ ದೇವಸ್ಥಾನವಾದರೆ ಕಚೇರಿಯಲ್ಲಿ ಕೇಳಿಯೇ ನಿಲ್ಲಿಸಿ, ಅಂಗಳದಲ್ಲಿ ಅಡುಗೆ ಹಚ್ಚಬೇಡಿ, ಕೊಳಕು ನೀರಿನ ಟ್ಯಾಂಕ್ ಅಲ್ಲಿ ಬಿಡಬೇಡಿ.

ಮೂರನೇ ದಿನವೇ ಈ ಪ್ರಯಾಣದ ಜೀವ, ಅದನ್ನು ಪೂರ್ತಿ ಕೊಲ್ಲೂರಿನಿಂದ ಹೆಬ್ರಿಗೇ ಇಡಿ. ಗಂಟೆಗೆ 25ರಿಂದ 30 ಕಿ.ಮೀ. ಲೆಕ್ಕ ಹಿಡಿಯಿರಿ, ಬೆಳಿಗ್ಗೆ 7ಕ್ಕೆ ಹೊರಟು ಕತ್ತಲೆಗೆ ಮೊದಲು ಹೆಬ್ರಿ ಸೇರಿ. ಅಮಾಸೆಬೈಲು, ಮಡಾಮಕ್ಕಿಯ ಕಡೆ ಮೊಬೈಲ್ ಸಿಗ್ನಲ್ ಹೋಗಿ ಬರುತ್ತದೆ, ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ, ಸಿದ್ದಾಪುರದಲ್ಲಿ ನಿಂತು ಮನೆಗೆ ಫೋನ್ ಮಾಡಿ ಎಷ್ಟು ಹೊತ್ತಿಗೆ ಹೆಬ್ರಿ ತಲುಪುತ್ತೀರೆಂದು ಹೇಳಿಬಿಡಿ. ಡೀಸೆಲ್ ಹಿಂದಿನ ದಿನ ಕುಂದಾಪುರದಲ್ಲೇ ತುಂಬಿಸಿರಿ. ಎಲ್ಲಾದರೂ ರಿವರ್ಸ್ ಮಾಡಲೇಬೇಕಾದರೆ ಇಳಿದು, ಹಿಂಚಕ್ರ ನಿಲ್ಲಬೇಕಾದ ಜಾಗದ ಬಲಬದಿಗೆ ಬಿಳಿ ಬಟ್ಟೆ ಹೊದಿಸಿದ ಕಲ್ಲೊಂದನ್ನಿಟ್ಟು, ಬಲಗನ್ನಡಿಯಲ್ಲಿ ಅದನ್ನು ನೋಡುತ್ತ ಹಿಂದೆ ಬನ್ನಿ. ಕ್ಯಾಮರಾಕ್ಕೆ ಕೆಸರು ಮೆತ್ತಿದಾಗಲೂ ಈ ಉಪಾಯ ಕೈಬಿಡುವುದಿಲ್ಲ.

ನಾಲ್ಕನೇ ದಿನ ವರಂಗದ ಕೆರೆ ಬಸದಿ, ಕಾರ್ಕಳ, ಮೂಡುಬಿದಿರೆ, ಮಂಗಳೂರು. ವರಂಗಕ್ಕೆ ಬೇಗ ಹೋಗಿ, ನೀರು ಅಲುಗದ ಹೊತ್ತಿನಲ್ಲಿ ದೋಣಿಯಲ್ಲಿ ಕೂತು ಬಸದಿ ತಲುಪಬೇಕು.

ಕಾಲ: ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಏಪ್ರಿಲ್, ಮೇ ಸೆಕೆಗೆ ವ್ಯಾನಿನೊಳಗೆ ನಿದ್ದೆ ಬಾರದು. 12 ವೋಲ್ಟ್‌ನ 200 ಆಂಪಿಯರ್ ಅವರ್ ಬ್ಯಾಟರಿಯಲ್ಲಿರುವುದು 2.4 ಯೂನಿಟ್, ಒಂದು ಕಿಲೋವ್ಯಾಟ್ ಎಳೆಯುವ ಎ.ಸಿ. ಎರಡೂವರೆ ಗಂಟೆಯೊಳಗೆ ಅದನ್ನು ಮುಗಿಸುತ್ತದೆ. ಚಳಿಗಾಲಕ್ಕೆ ಒಂದು ಎಚ್ಚರ: ಕೋಲ, ಜಾತ್ರೆ, ಯಕ್ಷಗಾನ, ವಾರಾಂತ್ಯದ ಕಂಬಳ ಎಲ್ಲ ಆಗಲೇ. ರಾತ್ರಿ ಒಳರಸ್ತೆಯ ಎರಡೂ ಬದಿ ವಾಹನ ನಿಂತರೆ ಬೆಳಗಾಗುವವರೆಗೆ ನಿಮ್ಮ ವ್ಯಾನ್ ಅಲುಗದು. ಮುಂದಿನ ಊರಿನಲ್ಲಿ ಆ ರಾತ್ರಿ ಏನಿದೆ ಎಂದು ಸಂಜೆ ಚಹಾದಂಗಡಿಯಲ್ಲಿ ಕೇಳಿಕೊಳ್ಳಿ. ಕೋಲವಿದೆ ಎಂದರೆ ವ್ಯಾನನ್ನು ಮುಖ್ಯ ರಸ್ತೆಯ ಬದಿಯಲ್ಲೇ ಬಿಟ್ಟು ನಡೆದುಕೊಂಡು ಹೋಗಿ ನೋಡಿ.