ಸೇರುವಾಗಿನ ತರಬೇತಿ ಒಂದೇ ಸಾಲದು ಮೇಡಂ

ರಾಯಚೂರಿನ ಬಾಲಮಂದಿರಕ್ಕೆ, ಅಂದರೆ ಆಸರೆ ಬೇಕಾದ ಮಕ್ಕಳು ಉಳಿದುಕೊಳ್ಳುವ ಮನೆಗೆ, ಗೃಹಮಾತೆಯಾಗಿ ಸೇರಿದ್ದೀರಿ, ಸೇರುವಾಗ ಕೊಟ್ಟ ತರಬೇತಿ ಸಾಕಾ ಅಂತ ಕೇಳಿದ್ದೀರಿ. ಖಂಡಿತ ಸಾಲದು ಮೇಡಂ. ನಾನು ಕೊಪ್ಪಳದಲ್ಲಿ ಇದೇ ಕೆಲಸದಲ್ಲಿದ್ದೇನೆ.

ಕಾನೂನು ಒಂದೇ ದಿನದಲ್ಲಿ ತಿಳಿಯುತ್ತೆ. 2015ರ ಬಾಲನ್ಯಾಯ ಕಾಯ್ದೆಯ 82ನೇ ಕಲಂ ಪ್ರಕಾರ ಶಿಸ್ತಿನ ಹೆಸರಲ್ಲಿ ಮಕ್ಕಳಿಗೆ ಹೊಡೆಯುವಂತಿಲ್ಲ. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ. ಆದರೆ ಹೊಡೆಯದೆ ಏನು ಮಾಡಬೇಕು? ಅದನ್ನು ಮತ್ತೆ ಮತ್ತೆ ಕಲಿಯಬೇಕು.

ಹತ್ತು ವರ್ಷದ ಹುಡುಗ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡ ಅಂದುಕೊಳ್ಳಿ. ಎಲ್ಲರ ಮುಂದೆ ಬೈದರೆ ಮರುದಿನ ಹೆದರಿ ನಿದ್ದೆಯನ್ನೇ ಮಾಡುವುದಿಲ್ಲ. ಸದ್ದಿಲ್ಲದೆ ಚಾದರ ಬದಲಿಸಿ. ಆ ದಿನ ಏನೇನಾಯ್ತು ಅಂತ ಬರೆದಿಡಿ. ಮನೆಯವರು ಬಂದು ಹೋದ ದಿನವೇ ಹೀಗಾಗುತ್ತಿದೆ ಅಂತ ನಾಲ್ಕು ವಾರದ ಬರಹ ನೋಡಿದರೆ ಗೊತ್ತಾಗಬಹುದು.

ಇಂಥ ಒಂದೇ ಘಟನೆ ಇಟ್ಟುಕೊಂಡು ವಾರಕ್ಕೊಮ್ಮೆ ಅರ್ಧ ಗಂಟೆ ಎಲ್ಲರೂ ಕೂತು ಮಾತಾಡಿ. ಪಾಳಿ ಬದಲಾಗುವ ಹೊತ್ತಿಗೆ ಕೂತರೆ ರಾತ್ರಿಯವರೂ ಸಿಗುತ್ತಾರೆ. ಅವರನ್ನೇ ಎಲ್ಲರೂ ಮರೆಯೋದು ಜಾಸ್ತಿ, ಅಲ್ವಾ? ಅಡುಗೆಯವರನ್ನೂ ಕರೆಯಿರಿ, ಎಷ್ಟೋ ಮಕ್ಕಳು ಮೊದಲು ಮನಸ್ಸು ಬಿಚ್ಚೋದು ಅವರ ಹತ್ತಿರ. ತಿಂಗಳಿಗೊಮ್ಮೆ ಆಪ್ತಸಮಾಲೋಚಕರನ್ನು ಕಳಿಸಿ ಅಂತ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸೂಪರಿಂಟೆಂಡೆಂಟ್ ಮೂಲಕ ಪತ್ರ ಕೊಡಿಸಿ.