ಅಮೆರಿಕದಲ್ಲಿ ಸಣ್ಣ ಹೋಟೆಲ್ ನಡೆಸುವವರು ಐಸಿಇ (ವಲಸೆ ಕಾನೂನು ಜಾರಿ ಮಾಡುವ ಇಲಾಖೆ) ತಪಾಸಣೆಗೆ ಏನೇನು ಸಿದ್ಧ ಮಾಡಿಟ್ಟುಕೊಳ್ಳಬೇಕು?

ನ್ಯೂಜೆರ್ಸಿಯಲ್ಲಿ 14 ಜನ ಕೆಲಸ ಮಾಡುವ ಹೋಟೆಲ್ ಅಂದಿದ್ದೀರಿ, ಐಸಿಇಯವರು ಬಾಗಿಲಿಗೆ ಬಂದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ಬಾಗಿಲಿನ ಮಾತು ಆಮೇಲೆ. ಸಣ್ಣ ಮಾಲೀಕರಿಗೆ ಪೆಟ್ಟು ಬೀಳುವುದು ಐ-9 ಫೈಲಿನಲ್ಲಿ. ಐ-9 ಅಂದರೆ ಕೆಲಸಗಾರರಿಗೆ ಅಮೆರಿಕದಲ್ಲಿ ಕೆಲಸ ಮಾಡುವ ಅನುಮತಿ ಇದೆ ಎಂದು ದಾಖಲಿಸುವ ಫಾರ್ಮ್.

ತಪಾಸಣೆ ನೋಟಿಸ್ ಬಂದರೆ ಫಾರ್ಮ್ ಒಪ್ಪಿಸಲು ಕನಿಷ್ಠ 3 ಕೆಲಸದ ದಿನ ಸಿಗುತ್ತದೆ. ‘ಇವತ್ತೇ ಕೊಡಿ’ ಅಂದರೂ ಆ ಅವಧಿ ಬಿಟ್ಟುಕೊಡಬೇಡಿ, ವಕೀಲರಿಗೆ ಫೋನ್ ಮಾಡಿ. ಆದರೆ 3 ದಿನದಲ್ಲಿ ಹಳೇ ಫೈಲ್ ಸರಿಹೋಗುವುದಿಲ್ಲ. ಈಗಲೇ ಸಂಬಳದ ಪಟ್ಟಿ ಮುಂದಿಟ್ಟುಕೊಂಡು ಒಂದೊಂದು ಹೆಸರಿಗೂ ಫಾರ್ಮ್ ಇದೆಯಾ ನೋಡಿ. ಕೆಲಸ ಬಿಟ್ಟವರದ್ದೂ ಬೇಕು: ಸೇರಿದ ದಿನದಿಂದ 3 ವರ್ಷ, ಬಿಟ್ಟ ದಿನದಿಂದ 1 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ. ನೋಟಿಸ್ ಬಂದ ಮೇಲೆ ಒಂದು ಹಾಳೆಯನ್ನೂ ಹರಿಯಬೇಡಿ.

ಮೊದಲ ಭಾಗವನ್ನು ಕೆಲಸಗಾರರು ಸೇರಿದ ದಿನವೇ ತುಂಬಿ ಸಹಿ ಹಾಕಬೇಕು. ಎರಡನೇ ಭಾಗ ನಿಮ್ಮದು, ಅವರ ಗುರುತು ಮತ್ತು ಕೆಲಸದ ಅನುಮತಿಯ ದಾಖಲೆ ನೋಡಿ, ಸೇರಿದ 3 ಕೆಲಸದ ದಿನದೊಳಗೆ ತುಂಬಬೇಕು. ಹೋಟೆಲ್ ಗಡಿಬಿಡಿಯಲ್ಲಿ ಇಲ್ಲೇ ಸಹಿ, ತಾರೀಖು ಬಿಟ್ಟುಹೋಗುವುದು. ತಪ್ಪು ಯಾರ ಭಾಗದಲ್ಲಿದೆಯೋ ಅವರೇ ತಿದ್ದಬೇಕು: ತಪ್ಪಿನ ಮೇಲೆ ಒಂದು ಗೆರೆ, ಪಕ್ಕದಲ್ಲಿ ಸರಿಯಾದದ್ದು, ಚಿಕ್ಕ ಸಹಿ, ತಿದ್ದಿದ ದಿನದ ತಾರೀಖು. ವೈಟ್‌ನರ್ ಬೇಡ. ಹಿಂದಿನ ತಾರೀಖು ಹಾಕುವುದಂತೂ ಬೇಡವೇ ಬೇಡ, ಬರೀ ಅಜಾಗರೂಕತೆ ಆಗಿದ್ದದ್ದು ಮೋಸ ಆಗಿಬಿಡುತ್ತದೆ. ಫಾರ್ಮೇ ಇಲ್ಲದಿದ್ದರೆ ಇವತ್ತಿನ ತಾರೀಖಿನಲ್ಲಿ ಸಹಿ ಮಾಡಿಸಿ, ತಡವಾದ ಕಾರಣ ಬರೆದ ಚೀಟಿ ಪಿನ್ ಮಾಡಿ. ಕಾಗದದ ತಪ್ಪಿಗೇ 2025ರ ದರದಲ್ಲಿ ಫಾರ್ಮೊಂದಕ್ಕೆ 288ರಿಂದ 2,861 ಡಾಲರ್ ದಂಡ. ಸಣ್ಣಪುಟ್ಟ ತಾಂತ್ರಿಕ ತಪ್ಪುಗಳನ್ನು ತಿದ್ದಿಕೊಳ್ಳಲು 10 ಕೆಲಸದ ದಿನ ಕೊಡುತ್ತಾರೆ. ನಿಮ್ಮ ಸಹಿಯೇ ಇಲ್ಲದಿರುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಹೆದರಿ ವಿಪರೀತಕ್ಕೂ ಹೋಗಬೇಡಿ. ‘ಗ್ರೀನ್ ಕಾರ್ಡೇ ತೋರಿಸು’ ಅನ್ನುವಂತಿಲ್ಲ, ಫಾರ್ಮಿನ ಪಟ್ಟಿಯಲ್ಲಿರುವ ಯಾವ ದಾಖಲೆ ಕೊಡಬೇಕು ಅನ್ನುವುದು ಕೆಲಸಗಾರರ ಆಯ್ಕೆ. ಸೇರುವಾಗ ತೋರಿಸಿದ ಗ್ರೀನ್ ಕಾರ್ಡ್ ಆಮೇಲೆ ಅವಧಿ ಮುಗಿದರೆ ಮತ್ತೆ ಕೇಳಬಾರದು. ಕೆಲಸದ ಪರವಾನಗಿ ಮುಗಿಯುವವರದ್ದು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಮರುಪರಿಶೀಲಿಸಿ. ಮುಖ, ಉಚ್ಚಾರಣೆ ನೋಡಿ ಕೆಲವರದ್ದಷ್ಟೇ ಮತ್ತೆ ಕೇಳಿದರೆ ಅದು ತಾರತಮ್ಯದ ಕೇಸು.

ಈಗ ಬಾಗಿಲು. ಗಿರಾಕಿಗಳು ಕೂರುವ ಜಾಗಕ್ಕೆ ಅಧಿಕಾರಿಗಳೂ ಬರಬಹುದು. ಅಡುಗೆಮನೆ, ಸ್ಟೋರು, ಆಫೀಸು ಖಾಸಗಿ. ಅಲ್ಲಿಗೆ ‘ಸಿಬ್ಬಂದಿಗೆ ಮಾತ್ರ’ ಬೋರ್ಡ್ ಹಾಕಿ. ಅಧಿಕಾರಿಗಳ ಜೊತೆ ಮಾತಾಡಲು ಪ್ರತಿ ಶಿಫ್ಟಿಗೆ ಒಬ್ಬ ಜವಾಬ್ದಾರರನ್ನು ಗೊತ್ತುಮಾಡಿ, ಕ್ಯಾಶ್ ಕೌಂಟರಿನ ಹುಡುಗನೂ ‘ಒಳಗೆ ಬಿಡುವ ಅಧಿಕಾರ ನನಗಿಲ್ಲ, ಅವರನ್ನು ಕರೆಯುತ್ತೇನೆ’ ಅಂದರೆ ಸಾಕು. ವಾರಂಟ್ ತೋರಿಸಿದರೆ ಆ ಜವಾಬ್ದಾರರು ತಲೆಬರಹದಲ್ಲಿ ಕೋರ್ಟಿನ ಹೆಸರು, ಕೆಳಗೆ ನ್ಯಾಯಾಧೀಶರ ಸಹಿ, ನಡುವೆ ನಿಮ್ಮ ವಿಳಾಸ ಮತ್ತು ತಾರೀಖು ನೋಡಬೇಕು. ಫಾರ್ಮ್ ಸಂಖ್ಯೆ ಐ-200 ಅಥವಾ ಐ-205 ಎಂದಿದ್ದರೆ ಅದು ಇಲಾಖೆಯೇ ಕೊಟ್ಟ ಬಂಧನದ ಅಥವಾ ಗಡೀಪಾರಿನ ವಾರಂಟ್. ಅದೊಂದನ್ನೇ ತೋರಿಸಿ ನಿಮ್ಮ ಒಪ್ಪಿಗೆಯಿಲ್ಲದೆ ಅಡುಗೆಮನೆಗೆ ನುಗ್ಗುವಂತಿಲ್ಲ. ‘ಒಪ್ಪಿಗೆ ಇಲ್ಲ’ ಎಂದು ಬಾಯಿಬಿಟ್ಟು ಹೇಳಿ. ಆದರೂ ನುಗ್ಗಿದರೆ ಅಡ್ಡ ನಿಲ್ಲಬೇಡಿ, ನಡೆದದ್ದನ್ನು ಬರೆದಿಟ್ಟುಕೊಳ್ಳಿ. ಕೋರ್ಟ್ ವಾರಂಟ್ ಇದ್ದರೆ ಅದರಲ್ಲಿ ಬರೆದ ಜಾಗ ತೋರಿಸಿ, ಒಯ್ದ ವಸ್ತುಗಳ ಪಟ್ಟಿ ಕೇಳಿ ಪಡೆಯಿರಿ.

ಯಾರನ್ನೂ ಹಿಂಬಾಗಿಲಿನಿಂದ ಕಳಿಸಬೇಡಿ, ಫ್ರೀಜರ್ ಕೋಣೆಯಲ್ಲಿ ಅಡಗಿಸಬೇಡಿ. ಆಮೇಲೆ ಆಶ್ರಯ ಕೊಟ್ಟ ಆರೋಪ ನಿಮ್ಮ ಮೇಲೇ ಬರುತ್ತದೆ. ಸುಮ್ಮನಿರುವ ಹಕ್ಕು ಕೆಲಸಗಾರರಿಗೆ ಇದೆ ಎಂದು ಮೊದಲೇ ಎಲ್ಲರಿಗೂ ತಿಳಿಸಬಹುದು, ಆದರೆ ‘ಮಾತಾಡಬೇಡ’ ಎಂದು ಆಜ್ಞೆ ಮಾಡುವಂತಿಲ್ಲ.